ಸತ್ಯಪ್ರಕಾಶರ ಒಂದು ಗಂಟೆ

ನನ್ನ ಷಡ್ಡಕ ನಿಜಗುಣನನ್ನು ಟೈಮ್ ಎಷ್ಟು ಎಂದು ಕೇಳಬಾರದು. ಕೇಳಿದರೆ ಅವನು "ಎಲ್ಲಿ?" ಅನ್ನುತ್ತಾನೆ. ಅವನದೇ ಸೋಫಾದ ಮೇಲೆ ಕೂತು, ಅವನ ಮುಖ ನೋಡುತ್ತಲೇ ಕೇಳಿದರೂ "ಎಲ್ಲಿ?" ಅನ್ನುತ್ತಾನೆ. ಇದು ತಮಾಷೆಯಲ್ಲ, ತಮಾಷೆ ಮಾಡುವ ಆಸಾಮಿಯೇ ಅಲ್ಲ ಅವನು. ನಮ್ಮಿಬ್ಬರ ಹೆಂಡತಿಯರು ಅಕ್ಕತಂಗಿಯರಾದ್ದರಿಂದ ನಾನು ಇದನ್ನು ಇಪ್ಪತ್ತು ವರ್ಷದಿಂದ ಸಹಿಸಿಕೊಂಡಿದ್ದೇನೆ. ಟೊರೊಂಟೊ ಪಕ್ಕದ ಮಾಲ್ಟನ್ನಿನಲ್ಲಿ, ವಿಮಾನ ನಿಲ್ದಾಣದ ಬೇಲಿಗೆ ಅಂಟಿಕೊಂಡಂತಿರುವ ಒಂದು ಆಫೀಸಿನಲ್ಲಿ ಅವನಿಗೆ ಕೆಲಸ. ಯಾವ ಊರಲ್ಲಿ ಈಗ ಗಂಟೆ ಎಷ್ಟು ಎಂದು ಕಂಪ್ಯೂಟರುಗಳಿಗೆ ಹೇಳಿಕೊಡುವುದು.

ಇದಕ್ಕೂ ಸಂಬಳ ಕೊಡುತ್ತಾರಾ ಎಂದು ನಾನು ಶುರುವಿನಲ್ಲಿ ಕೇಳಿದ್ದೆ. ಕೊಡುತ್ತಾರಂತೆ. ಪ್ರಪಂಚದ ಯಾವುದೋ ಮೂಲೆಯ ಸರ್ಕಾರಕ್ಕೆ ಗುರುವಾರ ಜ್ಞಾನೋದಯವಾಗುತ್ತದೆ, ಈ ಭಾನುವಾರ ಗಡಿಯಾರ ಮುಂದಕ್ಕೆ ತಿರುಗಿಸುವುದು ಬೇಡ ಎಂದು. ಅಲ್ಲಿನ ಜನ ರೇಡಿಯೋ ಕೇಳಿ ಸುಮ್ಮನಾಗುತ್ತಾರೆ. ಕಂಪ್ಯೂಟರು ರೇಡಿಯೋ ಕೇಳುವುದಿಲ್ಲ. ಯಾವ ಊರು ಯಾವಾಗ ಗಡಿಯಾರ ಎಷ್ಟಕ್ಕೆ ತಿರುಗಿಸಿತು ಎಂಬುದನ್ನೆಲ್ಲ ಬರೆದಿಟ್ಟ ಒಂದು ದೊಡ್ಡ ದಾಖಲೆ ಇದೆ. ಪುಗಸಟ್ಟೆ, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ತೊಂದರೆ ಏನೆಂದರೆ ಅದು ಬರುವುದು ಒಂದೇ ರೂಪದಲ್ಲಿ, ಅದನ್ನು ಕೇಳುವ ಸಾಫ್ಟ್‌ವೇರುಗಳು ಒಂದೊಂದೂ ಒಂದೊಂದು ಜಾತಿ. ಲಾರಿ ಕಂಪನಿಯ ಸಿಸ್ಟಮ್ಮಿಗೆ ಊರಿನ ಹೆಸರು ಬೇಕು. ಗೋಡೌನಿನ ಸಿಸ್ಟಮ್ಮಿಗೆ ಬರೀ ಅಂಕಿ ಬೇಕು. ವಿಮಾನಗಳಿಗೆ ಊಟ ಕಟ್ಟಿಕೊಡುವ ಕಂಪನಿಯೊಂದರ ಹಳೆಯ ಸಿಸ್ಟಮ್ಮಿಗೆ ವರ್ಷಕ್ಕೆ ಎರಡು ಸಾಲಿಗಿಂತ ಹೆಚ್ಚು ಕೊಟ್ಟರೆ ಅಜೀರ್ಣ. ಒಂದೇ ಅಕ್ಕಿಯಲ್ಲಿ ಒಬ್ಬರಿಗೆ ಇಡ್ಲಿ, ಒಬ್ಬರಿಗೆ ದೋಸೆ, ಒಬ್ಬರಿಗೆ ಗಂಜಿ ಮಾಡಿ ಬಡಿಸುವುದು ನಿಜಗುಣನ ಕೆಲಸ. ಅದನ್ನು ಅವನು ಭಕ್ತಿಯಿಂದ ಮಾಡುತ್ತಾನೆ. ಒಂದು ನಿಮಿಷ ತಪ್ಪಿದರೆ ಅವತ್ತು ಊಟ ಸೇರುವುದಿಲ್ಲ ಅವನಿಗೆ.

ಒಂದು ಹಬ್ಬದ ದಿನ ನಮ್ಮ ಮನೆಯಲ್ಲಿ ಊಟವಾದ ಮೇಲೆ ಅವನು ಬಾಯಿಬಿಟ್ಟ. ಅಪರೂಪ.

"ಕಲ್ಕತ್ತಾ ಅನ್ನೋ ಹೆಸರು ಬದಲಾಯ್ಸಿ ಯಾವ ಕಾಲ ಆಯ್ತು ಭಾವ. ಇಂಡಿಯಾ ಟೈಮ್ ಬೇಕು ಅಂದ್ರೆ ಇನ್ನೂ ಕಲ್ಕತ್ತಾ ಅಂತಲೇ ಕೇಳೋ ಸಾಫ್ಟ್‌ವೇರ್ ಇದೆ."

"ಹಳೇ ಹೆಸರು ಅಳಿಸಿ ಬಿಸಾಕೋದು ತಾನೆ?"

"ಕೇಳೋರು ಒಬ್ಬರು ಇರೋ ತನಕ ಹಳೇದನ್ನ ಅಳಿಸೋ ಹಾಗಿಲ್ಲ."

"ಸರಿ, ಯಾವನೋ ಮಂತ್ರಿ ತಲೆಕೆಟ್ಟು ಗಡಿಯಾರ ಒಂದು ಗಂಟೆ ಹಿಂದೆ ಹಾಕಿದ ಅಂತಿಟ್ಕೊ. ಅದು ತಪ್ಪು ಅಂತ ಬರ್ಕೋತೀರಾ?"

"ಸರಿ ತಪ್ಪು ನಮ್ಮ ಡಿಪಾರ್ಟ್‌ಮೆಂಟ್ ಅಲ್ಲ ಭಾವ. ಆ ಊರಿನ ಜನ ಅವತ್ತು ಗಡಿಯಾರ ಎಷ್ಟಕ್ಕೆ ಇಟ್ಕೊಂಡಿದ್ರೋ ಅದೇ ಅವತ್ತಿನ ಟೈಮ್."

ನನಗೆ ನಿದ್ದೆ ಬಂತು. ಅವನು ಇನ್ನೂ ಮಾತಾಡುತ್ತಿದ್ದ ಎಂದು ಆಮೇಲೆ ನನ್ನ ಹೆಂಡತಿ ಹೇಳಿದಳು.

ಇಂಥವನ ಕೈಗೆ ಸತ್ಯಪ್ರಕಾಶರ ಕ್ಯಾಲೆಂಡರು ಬಂದು ಬಿದ್ದದ್ದು ಹೇಗೆ ಎಂದು ಹೇಳಬೇಕು.

ಸತ್ಯಪ್ರಕಾಶ್ ಅಂಕಲ್ ಬೆಂಗಳೂರಿನಲ್ಲಿ ಒಂದು ವಾಚ್ ಫ್ಯಾಕ್ಟರಿಯಲ್ಲಿ ಎಂಜಿನಿಯರಾಗಿದ್ದವರು. ನಡುವಯಸ್ಸು ದಾಟಿದ ಮೇಲೆ ಒಂದು ಜನವರಿಯಲ್ಲಿ ಹೆಂಡತಿ ರಾಜಲಕ್ಷ್ಮಿ ಆಂಟಿಯನ್ನು ಕರೆದುಕೊಂಡು ಟೊರೊಂಟೊಗೆ ಬಂದರು. ಇಲ್ಲಿ ಅವರ ಡಿಗ್ರಿಯನ್ನು ಯಾರೂ ಬಿಚ್ಚಿ ನೋಡಲಿಲ್ಲ. ರೆಕ್ಸ್‌ಡೇಲಿನ ಒಂದು ಗೋಡೌನಿನ ಗೇಟಿನಲ್ಲಿ ಸೆಕ್ಯುರಿಟಿ ಕೆಲಸ ಸಿಕ್ಕಿತು. ಲಾರಿ ಎಷ್ಟು ಹೊತ್ತಿಗೆ ಒಳಗೆ ಬಂತು, ಎಷ್ಟು ಹೊತ್ತಿಗೆ ಹೊರಗೆ ಹೋಯಿತು ಎಂದು ಬರೆದುಕೊಳ್ಳುವುದು. ರಿಟೈರ್ ಆಗುವವರೆಗೂ ಅದನ್ನೇ ಬರೆದರು.

ಆ ಗೇಟಿನ ಗೂಡಿನಲ್ಲಿ ಕೂತು ಅವರು ಟೊರೊಂಟೊ ಕನ್ನಡಿಗರಿಗಾಗಿ ಪಂಚಾಂಗದ ಕ್ಯಾಲೆಂಡರು ಮಾಡಿದರು. ಮೈಸೂರಿನ ಪಂಚಾಂಗದಲ್ಲಿರುವ ಸೂರ್ಯೋದಯ, ರಾಹುಕಾಲ, ಚಂದ್ರೋದಯ ಇಲ್ಲಿಗೆ ಕೆಲಸಕ್ಕೆ ಬಾರದು ತಾನೆ. ಅಂಕಲ್ ತಾವೇ ಒಂದು ಪ್ರೋಗ್ರಾಮ್ ಬರೆದು, ಎಲ್ಲವನ್ನೂ ಟೊರೊಂಟೊ ಲೆಕ್ಕಕ್ಕೆ ಹೊಂದಿಸಿ, ಯುಗಾದಿಯಿಂದ ಯುಗಾದಿಗೆ ಹನ್ನೆರಡು ಹಾಳೆ ಅಚ್ಚು ಹಾಕಿಸಿದರು. ಕೊನೆಯ ಹಾಳೆಯ ಕೆಳಗೆ "ಗಣಿತ: ಸತ್ಯಪ್ರಕಾಶ್" ಎಂದು ಸಣ್ಣಕ್ಷರ. ಇಪ್ಪತ್ತಕ್ಕೂ ಹೆಚ್ಚು ಯುಗಾದಿ ಹೀಗೆ ನಡೆಯಿತು. ವಿಟ್ಬಿಯಿಂದ ಬ್ರಾಂಪ್ಟನ್‌ವರೆಗೆ ಕನ್ನಡದವರ ಫ್ರಿಜ್ಜಿನ ಮೇಲೆಲ್ಲ ಅದೇ. ಫೋನಿನಲ್ಲಿ ಆ್ಯಪ್‌ಗಳು ಬಂದವು. ಅವು ಬೇರೆ ಟೈಮ್ ತೋರಿಸಿದರೆ ನಾವು ಆ್ಯಪ್‌ಅನ್ನೇ ಬೈದೆವು. ಅದನ್ನು ಮಾಡಿದವನು ಯಾರೋ ಪುಣೆಯವನು, ಅಂಕಲ್ ನಮ್ಮವರು. ಕನ್ನಡ ಸಂಘದಲ್ಲಿ ಅವರಿಗೆ ಶಾಲು ಹೊದಿಸಿ ಹೊದಿಸಿ, ಮನೆಯಲ್ಲಿ ಶಾಲಿನ ಗಂಟೇ ಇತ್ತು.

ರಾಜಲಕ್ಷ್ಮಿ ಆಂಟಿಗೆ ಮಾತ್ರ ಬೇರೆಯೇ ಖ್ಯಾತಿ. ಆಕೆ ಇರುವ ಕಡೆ ಯಾವ ಕಾರ್ಯವೂ ಹೊತ್ತಿಗೆ ಸರಿಯಾಗಿ ಆಗುವುದಿಲ್ಲ. ನಾಮಕರಣವಿರಲಿ, ಸೀಮಂತವಿರಲಿ, ಆಂಟಿ ಬಂದರೆಂದರೆ ಒಂದು ಗಂಟೆ ಹೋಯಿತೆಂದೇ ಲೆಕ್ಕ. ಅರಿಶಿನ ಕಾರಿನಲ್ಲೇ ಬಿಟ್ಟುಬಂದೆ ಅನ್ನುವರು. ಹೂವು ಬಾಡಿದೆ, ಬೇರೆ ತರಿಸಿ ಅನ್ನುವರು. ಗಂಡ ಗಡಿಯಾರ, ಹೆಂಡತಿ ಗಡಿಯಾರದ ಶತ್ರು ಎಂದು ನಾವೆಲ್ಲ ಹಿಂದಿನಿಂದ ಆಡಿಕೊಂಡದ್ದುಂಟು.

ನನ್ನ ವಿಟ್ಬಿ ಮನೆಯ ಗೃಹಪ್ರವೇಶದಲ್ಲಿ ಆಕೆ ಮಾಡಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಜೂನ್ ತಿಂಗಳ ಶನಿವಾರ. ಕ್ಯಾಲೆಂಡರಿನ ಪ್ರಕಾರ ರಾಹುಕಾಲ ಹತ್ತೂಕಾಲರ ಸುಮಾರಿಗೆ ಮುಗಿಯುತ್ತದೆ, ಹತ್ತೂವರೆಗೆ ಒಳಗೆ ಕಾಲಿಡುವುದು ಎಂದು ನಿಶ್ಚಯವಾಗಿತ್ತು. ಹೋಮದ ಹೊಗೆಗೆ ಅಲಾರಂ ಕೂಗದಿರಲೆಂದು ಚಾವಣಿಯ ಆ ಡಬ್ಬಿಗೆ ಸ್ನಾನದ ಟೋಪಿ ತೊಡಿಸಿದ್ದೆ. ಹೊಸಿಲಿನಲ್ಲಿ ನಿಂತಾಗ ಆಂಟಿ ಕಲಶದ ತೆಂಗಿನಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, "ಇದು ಬಿರುಕು ಬಿಟ್ಟಿದೆ ಸುರೇಶ, ಬೇರೆ ತಗೊಂಡು ಬಾಪ್ಪ" ಎಂದರು. ನನಗೆ ಯಾವ ಬಿರುಕೂ ಕಾಣಲಿಲ್ಲ. ಆಗಿನ ವಿಟ್ಬಿಯಲ್ಲಿ ತೆಂಗಿನಕಾಯಿ ಹುಡುಕುವುದು ಹುಡುಗಾಟವಲ್ಲ. ರೇಷ್ಮೆ ಪಂಚೆಯಲ್ಲಿ ಕಾರು ಓಡಿಸಿಕೊಂಡು ಪಕ್ಕದೂರು ಏಜಾಕ್ಸ್‌ಗೆ ಹೋಗಿ ತಂದೆ. ಅಷ್ಟು ಹೊತ್ತೂ ಪುರೋಹಿತರು ಡ್ರೈವ್‌ವೇನಲ್ಲಿ ನಿಂತಿದ್ದರು. ಆಮೇಲೆ ಪ್ರತಿ ವರ್ಷ ಹಿಮ ಕರಗುವಾಗ ನಮ್ಮ ಬೇಸ್‌ಮೆಂಟಿನಲ್ಲಿ ನೀರು ಬರತೊಡಗಿತು. ನನ್ನ ಹೊಟ್ಟೆಪಾಡು ಮಾರಾಟದ ಮನೆಗಳನ್ನು ತಪಾಸಣೆ ಮಾಡುವುದು, ಎಲ್ಲಿ ನೀರು ಬರುತ್ತದೆ ಎಂದು ಕೊಳ್ಳುವವರಿಗೆ ಹೇಳುವುದು. ನನ್ನ ಮನೆಯಲ್ಲಿ ಎಲ್ಲಿಂದ ಬರುತ್ತದೆಂದು ಇನ್ನೂ ಗೊತ್ತಾಗಿಲ್ಲ.

ಕಳೆದ ದಸರೆ ಮುಗಿದ ಮೇಲೆ ಅಂಕಲ್ ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಆಂಟಿ ನಿಜಗುಣನನ್ನು ಕರೆಸಿ ಅಂಕಲ್ಲಿನ ಹಳೆಯ ಲ್ಯಾಪ್‌ಟಾಪ್ ಕೈಗಿಟ್ಟರು.

"ಅವರಿಲ್ಲದ ಮೊದಲನೇ ಯುಗಾದಿ ಕಣಪ್ಪ. ಕ್ಯಾಲೆಂಡರ್ ನಿಲ್ಲಬಾರದು. ಟೈಮಿನ ಕೆಲಸ ನಿನಗೆ ಗೊತ್ತು, ನೀನೇ ಮಾಡ್ಕೊಡು. ಗಣಿತ ಅನ್ನೋ ಕಡೆ ಮಾತ್ರ ಅವರ ಹೆಸರೇ ಇರ್ಲಿ. ಈ ದೇಶದಲ್ಲಿ ಅವರ ಹೆಸರು ಅಚ್ಚಾಗಿರೋದು ಅದೊಂದೇ ಜಾಗ."

ನಿಜಗುಣ ಒಪ್ಪಿಕೊಂಡ. ಪ್ರೋಗ್ರಾಮ್ ಓಡಿಸಿ ಜನವರಿಯ ಲೆಕ್ಕ ತಾಳೆ ನೋಡಿದ. ನಿಮಿಷಕ್ಕೆ ನಿಮಿಷ ಸರಿಯಿತ್ತು. ಫೆಬ್ರವರಿ ನೋಡಿದ, ಅದೂ ಸರಿ. ಹಿರಿಯರ ಕೆಲಸ, ಇನ್ನು ಕೆದಕಬಾರದು ಎಂದು ಮಿಕ್ಕ ತಿಂಗಳುಗಳನ್ನು ಹಾಗೇ ತೆಗೆದು ಹನ್ನೆರಡು ಹಾಳೆ ಸಿದ್ಧಮಾಡಿದ. ಸಂಘದ ಕಾರ್ಯದರ್ಶಿ ಶ್ರೀಕಾಂತ್ ಪ್ರೆಸ್ಸಿಗೆ ಹೇಳಿಟ್ಟಿದ್ದ. ಹಾಳೆ ಕಳಿಸುವುದೊಂದೇ ಬಾಕಿ.

ಅದೇ ವರ್ಷ ನಿಜಗುಣನ ಹೆಂಡತಿ ಶರ್ವಾಣಿ ಸಂಕಷ್ಟಿ ಹಿಡಿದಿದ್ದಳು. ಮಗಳು ಮಾನ್ಯಾಗೆ ಒಳ್ಳೆಯ ಯೂನಿವರ್ಸಿಟಿಯಲ್ಲಿ ಸೀಟು ಸಿಗಲಿ ಎಂದು. ತಿಂಗಳಿಗೊಂದು ದಿನ ಉಪವಾಸ, ರಾತ್ರಿ ಚಂದ್ರನನ್ನು ನೋಡಿ ಅರ್ಘ್ಯ ಕೊಟ್ಟ ಮೇಲೆ ಊಟ. ಜನವರಿಯಲ್ಲಿ ಚಂದ್ರ ಕ್ಯಾಲೆಂಡರು ಹೇಳಿದ ಹೊತ್ತಿಗೆ ಬಂದ. ಫೆಬ್ರವರಿಯಲ್ಲೂ ಬಂದ. ಮಾರ್ಚ್ ಸಂಕಷ್ಟಿ ಬರುವ ಹೊತ್ತಿಗೆ ಇಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸಿ ಆಗಿತ್ತು. ಬೇಸಿಗೆಗೊಂದು ಟೈಮ್, ಚಳಿಗಾಲಕ್ಕೊಂದು ಟೈಮ್ ಇಟ್ಟುಕೊಂಡಿರುವ ದೇಶ ಇದು.

ಕ್ಯಾಲೆಂಡರಿನಲ್ಲಿ ಒಂಬತ್ತೂವರೆಗೆ ಚಂದ್ರ ಎಂದಿತ್ತು. ಶರ್ವಾಣಿ ಗರಿಕೆ, ಕಡುಬು, ನೀರಿನ ಚೆಂಬು ಹಿಡಿದು ಡ್ರೈವ್‌ವೇನಲ್ಲಿ ನಿಂತಳು. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ಪೂರ್ವದಲ್ಲಿ ಬೆಳಕು ಕಂಡು ಕೈಮುಗಿದಳು. ಅದು ಹತ್ತಿರ ಬಂದು ಚಕ್ರ ಬಿಚ್ಚಿತು. ಮಾಲ್ಟನ್ನಿನ ಆಕಾಶದಲ್ಲಿ ಬೆಳಗುವುದೆಲ್ಲ ಚಂದ್ರನಲ್ಲ, ಮುಕ್ಕಾಲು ಪಾಲು ವಿಮಾನ. ಹತ್ತಾಯಿತು. ಚಂದ್ರನಿಲ್ಲ.

"ಅಮ್ಮಾ, ಜಸ್ಟ್ ಚೆಕ್ ಯುವರ್ ಫೋನ್" ಎಂದಳು ಮಾನ್ಯಾ, ಬಾಗಿಲಲ್ಲಿ ನಿಂತು.

"ಫೋನಲ್ಲಿರೋ ಚಂದ್ರಂಗೆ ಅರ್ಘ್ಯ ಕೊಡಕ್ಕಾಗುತ್ತೇನೆ? ಅಪ್ಪನ್ನ ಕರಿ."

ನಿಜಗುಣ ಬಂದು ಹೆಂಡತಿಯ ಪಕ್ಕ ನಿಂತ. ಪೂರ್ವ ನೋಡಿದ, ಕೈಗಡಿಯಾರ ನೋಡಿದ, ಮತ್ತೆ ಪೂರ್ವ ನೋಡಿದ. ಅವನ ಮುಖ ಬೂದಿಯಾದದ್ದು ಬೀದಿದೀಪದಲ್ಲೇ ಕಂಡಿತಂತೆ. ಒಳಗೆ ಹೋಗಿ ಲ್ಯಾಪ್‌ಟಾಪ್ ತೆಗೆದ. ಅಂಕಲ್ ಈ ದೇಶಕ್ಕೆ ಬಂದದ್ದು ಜನವರಿಯಲ್ಲಿ. ಟೊರೊಂಟೊ ಟೈಮ್ ಎಷ್ಟು ಎಂದು ಆಗ ವಿಚಾರಿಸಿ, ಅದನ್ನು ಪ್ರೋಗ್ರಾಮಿನೊಳಗೆ ಕೂರಿಸಿದ್ದರು. ಆಮೇಲೆ ಮುಟ್ಟಿರಲಿಲ್ಲ. ವರ್ಷವಿಡೀ ಒಂದೇ ಟೈಮಿರುವ ದೇಶದಿಂದ ಬಂದವರಿಗೆ ಗಡಿಯಾರವೇ ಜಾಗ ಬಿಟ್ಟು ಅಲ್ಲಾಡುತ್ತದೆಂದು ಹೊಳೆಯುವುದು ಹೇಗೆ? ಕೈಯಲ್ಲಿರುವ ವಾಚ್ ತಿರುಗಿಸಿಕೊಂಡರು, ಪ್ರೋಗ್ರಾಮಿನದನ್ನು ಮರೆತರು. ಅಂದರೆ ಮಾರ್ಚಿನಿಂದ ನವೆಂಬರ್‌ವರೆಗೆ ಕ್ಯಾಲೆಂಡರಿನ ಎಲ್ಲ ಹೊತ್ತೂ ಒಂದು ಗಂಟೆ ಮೊದಲು. ರಾಹು ಬರುವ ಮೊದಲೇ ನಾವು ಹೆದರಿದ್ದೆವು, ಅವನಿರುವಾಗ ಧೈರ್ಯವಾಗಿದ್ದೆವು. ಸೂರ್ಯೋದಯವೂ ತಪ್ಪೇ ಇತ್ತು, ಆದರೆ ಅದನ್ನು ನಮ್ಮಲ್ಲಿ ಯಾರೂ ನೋಡಿದವರಿಲ್ಲ.

ಹತ್ತೂವರೆಗೆ ಚಂದ್ರ ಬಂದ. ಶರ್ವಾಣಿ ಊಟ ಮಾಡಿದಳು. ನಿಜಗುಣ ಮಾಡಲಿಲ್ಲ.

ಬೆಳಿಗ್ಗೆ ಶರ್ವಾಣಿ ಅಕ್ಕನಿಗೆ ಫೋನ್ ಮಾಡಿದಳು, ಅಕ್ಕ ಅಂದರೆ ನನ್ನ ಹೆಂಡತಿ ನನಗೆ ಹೇಳಿದಳು. ನಾನು ಬೇಸ್‌ಮೆಂಟಿನಲ್ಲಿ ನೀರು ಎತ್ತಿಹಾಕುತ್ತಿದ್ದೆ. ಬಕೆಟ್ ಅಲ್ಲೇ ಕುಕ್ಕಿದೆ. ರಾಹುಕಾಲ ಮುಗಿಯಲೆಂದು ಕಾದು ಕಾದು ಹತ್ತೂವರೆಗೆ ಇಟ್ಟ ಮುಹೂರ್ತ ರಾಹುಕಾಲದ ನಟ್ಟನಡುವೆ ಇತ್ತು ಎಂದಾಯಿತು. ನನಗೆ ಸಿಟ್ಟು ಬಂದರೆ ಮುಂದಿನದು ಹಿಂದಿನದು ಕಾಣುವುದಿಲ್ಲ. ಇನ್ಸ್ಪೆಕ್ಷನ್ ಒಂದನ್ನು ಮುಂದಕ್ಕೆ ಹಾಕಿ ಸೀದಾ ಮಾಲ್ಟನ್ನಿಗೆ, ನಿಜಗುಣನ ಮನೆಗೆ ಹೊರಟೆ. 401 ಹೆದ್ದಾರಿಯಲ್ಲಿ ಟ್ರಾಫಿಕ್ಕು ಇದ್ದದ್ದರಿಂದ ಸಿಟ್ಟು ಇಳಿಯದೆ ಹಾಗೇ ಉಳಿಯಿತು.

"ಇವತ್ತೇ ಸಂಘದ ಗ್ರೂಪಿಗೆ ಹಾಕ್ತೀನಿ" ಎಂದೆ. "ಇಪ್ಪತ್ತು ವರ್ಷ ಊರಿಗೆಲ್ಲ ಮಣ್ಣು ತಿನ್ನಿಸಿದ್ದಾರೆ ಅಂತ."

"ಹಾಕಿ ಭಾವ. ಆಂಟಿನೂ ಅದೇ ಗ್ರೂಪಲ್ಲಿದ್ದಾರೆ."

ನಾನು ಫೋನ್ ಜೇಬಿಗೆ ಹಾಕಿದೆ. "ಹಾಗಾದ್ರೆ ನೀನೇನು ಮಾಡ್ತೀಯ?"

ಅವನು ಮಾಡುವುದಕ್ಕೆ ಏನೂ ಇರಲಿಲ್ಲ, ಅದೇ ಅವನ ಸಂಕಟ. ತಪ್ಪು ಟೈಮ್ ಅಚ್ಚು ಹಾಕಿಸಲು ಅವನ ಕೈ ಬರುವುದಿಲ್ಲ. ಸರಿ ಮಾಡಿದರೆ ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ನೋಡಿದವರಿಗೆಲ್ಲ ಗೊತ್ತಾಗುತ್ತದೆ, ಸತ್ಯಪ್ರಕಾಶರ ಲೆಕ್ಕ ಅರ್ಧ ವರ್ಷಕ್ಕಿಂತ ಹೆಚ್ಚು ತಪ್ಪಿತ್ತೆಂದು. ನನ್ನಂಥ ಬಾಯಿ ಊರಿನಲ್ಲಿ ಇನ್ನೂ ಹತ್ತಿವೆ. ಅಂಕಲ್ಲಿಗೆ ಇದ್ದ ಒಂದೇ ಹೆಸರು, ಅವರು ಹೋದ ವರ್ಷವೇ ನಗೆಪಾಟಲಾಗುತ್ತದೆ. ಅದನ್ನು ನೋಡುತ್ತಾ ಆಂಟಿ ಬದುಕಿರಬೇಕು.

"ನಾನು ಜನವರಿ ನೋಡಿ ಜುಲೈಗೆ ಸೈನ್ ಹಾಕ್ದೆ ಭಾವ" ಎಂದ ನಿಜಗುಣ. "ಆಫೀಸಲ್ಲಿ ಬೇ‌ರೆ ಯಾರಾದ್ರೂ ಹೀಗೆ ಮಾಡಿದ್ರೆ ನಾನು ಅವರ ಹತ್ರ ಮಾತಾಡ್ತಿರ್ಲಿಲ್ಲ."

ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ನಾಲಿಗೆಯ ತುದಿಯವರೆಗೆ ಬಂದಿತ್ತು. ಅವನ ಮುಖ ನೋಡಿ ನುಂಗಿಕೊಂಡೆ. ಪ್ರೆಸ್ಸಿನವನು ಶುಕ್ರವಾರದವರೆಗೆ ಮಾತ್ರ ಕಾಯುತ್ತಾನೆ. ಆಂಟಿಗೆ ಹೇಳದೆ ಒಂದು ಅಂಕಿಯನ್ನೂ ಮುಟ್ಟುವುದಿಲ್ಲ ಎಂದು ಅವನು ಹಟ ಹಿಡಿದ. ಸರಿ, ಇಬ್ಬರೂ ರೆಕ್ಸ್‌ಡೇಲಿಗೆ ಹೊರಟೆವು. ನಿನಗೆ ಆಗದಿದ್ದರೆ ನಾನೇ ಹೇಳುತ್ತೇನೆ, ನನಗೇನು ಮುಲಾಜು ಎಂದು ದಾರಿಯುದ್ದಕ್ಕೂ ಅವನಿಗೆ ಧೈರ್ಯ ಹೇಳಿದೆ.

ಆಂಟಿಯ ಅಪಾರ್ಟ್‌ಮೆಂಟು ಎತ್ತರದ ಮಹಡಿಯಲ್ಲಿದೆ, ಪೂರ್ವಕ್ಕೆ ಬಾಲ್ಕನಿ. ಅಡುಗೆಮನೆಯ ಗೋಡೆಯ ಮೇಲೆ ಕ್ಯಾಲೆಂಡರು, ಊಟದ ಮೇಜಿನ ಮೇಲೆ ಅಂಕಲ್ಲಿನ ಫೋಟೋ. ಆಕೆ ಕೋಡುಬಳೆ ತಂದಿಟ್ಟರು. ನಾನು ಒಂದನ್ನು ಬಾಯಿಗೆ ಹಾಕಿಕೊಂಡೆ. ಅದಾದ ಮೇಲೆ ಇನ್ನೊಂದು ಹಾಕಿಕೊಂಡೆ. ಮುಲಾಜಿಲ್ಲದವನ ಬಾಯಿ ಹೀಗೆ ತುಂಬಿಹೋಯಿತು.

ನಿಜಗುಣ ಶುರುಮಾಡಿದ. ಮೊದಲ ಮಹಾಯುದ್ಧದಿಂದ ಶುರುಮಾಡಿದ. ಆಗ ಜರ್ಮನಿಯವರು ಗಡಿಯಾರ ಯಾಕೆ ತಿರುಗಿಸಿದರು, ಕೆನಡಾದವರು ಯಾಕೆ ತಿರುಗಿಸಿದರು, ಊರೂರಿಗೆ ಹೇಗೆ ಬೇರೆ ಬೇರೆ ದಿನ ತಿರುಗಿಸಿದರು ಎಂದೆಲ್ಲ ಹೇಳಿದ. ಎರಡನೆಯ ಮಹಾಯುದ್ಧಕ್ಕೆ ಬರುವಷ್ಟರಲ್ಲಿ ಅವನ ಹಣೆಯಲ್ಲಿ ಬೆವರು. ಆಂಟಿ ಸೆರಗಿನಿಂದ ಕೈ ಒರೆಸಿಕೊಂಡು ಅವನನ್ನೇ ನೋಡುತ್ತಿದ್ದರು.

"ಚಂದ್ರನ ವಿಷಯವೇನಪ್ಪ?" ಎಂದರು.

ನಿಜಗುಣ ಹೌದೆಂದು ತಲೆಯಾಡಿಸಿದ.

"ನನಗೆ ಗೊತ್ತು. ಮೊದಲನೇ ವರ್ಷ ಬೇಸಿಗೆಯಲ್ಲೇ ಗೊತ್ತಾಯ್ತು. ಸಂಕಷ್ಟಿ ದಿನ ಅವರು ಬಾಳೆಲೆ ಹಾಕ್ಸಿ ಕೂತಿದ್ರು, ನಾನು ಬಾಲ್ಕನಿಗೆ ಹೋಗಿ ನೋಡಿದ್ರೆ ಚಂದ್ರ ಇಲ್ಲ. ಬಂದು ಹೇಳ್ದೆ. ಮೋಡ ಇರ್ಬೇಕು ಅಂದ್ರು. ಮೋಡ ಇರ್ಲಿಲ್ಲ."

"ಆಮೇಲೆ?"

"ಆಮೇಲೆ ಹೇಳ್ಲಿಲ್ಲ. ಅವತ್ತು ಬೆಳಿಗ್ಗೆ ತಾನೆ ಗೇಟಿನ ಹತ್ರ ಒಬ್ಬ ಲಾರಿಯವನು ಅವರಿಗೆ, ಮುದುಕ ನಿಂಗೆ ಗಡಿಯಾರ ನೋಡಕ್ಕೆ ಬರತ್ತಾ ಅಂತ ಕೇಳಿದ್ದ. ಅದನ್ನ ನಗ್ತಾ ಹೇಳಿದ್ರು ನನಗೆ. ಅಂಥವರಿಗೆ ನಾನೂ ಅದನ್ನೇ ಹೇಗಪ್ಪ ಹೇಳ್ಲಿ?" ಆಕೆ ಕೋಡುಬಳೆಯ ತಟ್ಟೆಯನ್ನು ನನ್ನ ಕಡೆ ಸರಿಸಿದರು. "ವಾಚ್ ಮಾಡಿದ ಕೈ ಕಣಪ್ಪ ಅದು. ಈ ದೇಶದಲ್ಲಿ ಅವರನ್ನ ಯಾರೂ ಏನೂ ಕೇಳ್ಲಿಲ್ಲ. ಟೈಮ್ ಒಂದನ್ನ ನೀವೆಲ್ಲ ಕೇಳಿದ್ರಿ."

ಕೆಳಗೆ ಬಸ್ಸೊಂದು ನಿಂತು ಹೊರಟ ಸದ್ದು ಕೇಳಿತು.

"ಸಂಕಷ್ಟಿ ದಿನ ಅವರ ಟೈಮಿಗೆ ಸರಿಯಾಗಿ ಅವರಿಗೆ ಬಡಿಸ್ತಿದ್ದೆ. ನೀನೂ ಕೂತ್ಕೊಳೇ ಅನ್ನೋರು. ಪಾತ್ರೆ ತೊಳೆದು ಬರ್ತೀನಿ ಅಂತಿದ್ದೆ. ಒಂದು ಗಂಟೆ ತೊಳೀತಿದ್ದೆ. ಎಷ್ಟು ಪಾತ್ರೆ ಇರತ್ತೆ ಇಬ್ಬರ ಮನೇಲಿ? ತೊಳೆದದ್ದನ್ನೇ ತೊಳೀತಿದ್ದೆ. ಅವರು ಅಲ್ಲೇ ಕೂತು ಮಾತಾಡೋರು. ಮಿಕ್ಕ ದಿನ ಮಾತೇ ಇಲ್ಲ, ಮನೆಗೆ ಬಂದು ಮಲಗೋರು. ಅವತ್ತೊಂದು ಗಂಟೆ ಮಾತ್ರ ಅವರ ಫ್ಯಾಕ್ಟರಿ, ಅವರಮ್ಮ, ಅದೂ ಇದೂ. ಆಮೇಲೆ ನಾನು ಬಾಲ್ಕನಿಗೆ ಹೋಗಿ ಚಂದ್ರನ್ನ ನೋಡಿ ಊಟ ಮಾಡ್ತಿದ್ದೆ."

ನಿಜಗುಣ ಯಾವುದೋ ಲೆಕ್ಕದಲ್ಲಿದ್ದ. ಅವನು ಹಾಗೆ ತಲೆ ಬಗ್ಗಿಸಿದಾಗ ಮಾತಾಡಿಸಬಾರದು.

"ಆಂಟಿ," ಎಂದ ಕೊನೆಗೆ, "ನೀವು ಲೇಟಾಗ್ತಿದ್ದಿದ್ದು ಬೇಸಿಗೇಲಿ ಮಾತ್ರ."

ಆಕೆ ಮೇಜಿನ ಮೇಲೆ ಬಿದ್ದಿದ್ದ ಪುಡಿಯನ್ನು ಕೈಯಿಂದ ಒಟ್ಟುಮಾಡತೊಡಗಿದರು.

"ನಮ್ಮ ಮಾನ್ಯಾ ನಾಮಕರಣ ಡಿಸೆಂಬರಲ್ಲಿ. ಅವತ್ತು ನೀವು ಎಲ್ಲರಿಗಿಂತ ಮುಂಚೆ ಬಂದಿದ್ರಿ."

"ಊರವರ ಮಕ್ಕಳ ಶುಭಕಾರ್ಯ ಕಣಪ್ಪ," ಎಂದರು ಆಂಟಿ. "ತಪ್ಪು ಹೊತ್ತಲ್ಲಿ ಆಗೋದನ್ನ ನೋಡ್ತಾ ಹೇಗಿರ್ಲಿ? ಅವರ ಹೆಸರೂ ಕೆಡಬಾರದು. ನನ್ನ ಹೆಸರು ಕೆಟ್ರೆ ಏನಾಗತ್ತೆ, ಲೇಟ್ ರಾಜಲಕ್ಷ್ಮಿ ಅಂತೀರಿ, ಅಷ್ಟೇ ತಾನೆ?"

ನಾನು ಕೈಯಲ್ಲಿದ್ದ ಕೋಡುಬಳೆಯನ್ನು ತಟ್ಟೆಗೆ ವಾಪಸಿಟ್ಟೆ. "ಹಾಗಾದ್ರೆ ನಮ್ಮನೆ ತೆಂಗಿನಕಾಯಿ?"

"ಚೆನ್ನಾಗಿತ್ತಪ್ಪ. ಅದನ್ನ ನಾನೇ ಮನೆಗೆ ತಗೊಂಡು ಹೋಗಿ ಚಟ್ನಿ ಮಾಡ್ದೆ. ನೀನು ಏಜಾಕ್ಸಿಂದ ಬರೋ ಹೊತ್ತಿಗೆ ಹನ್ನೊಂದೂವರೆ. ರಾಹು ಹೋಗಿ ಐದು ನಿಮಿಷ ಆಗಿತ್ತು. ನೀನು ಇನ್ನೂ ಬೇಗ ಬಂದುಬಿಡ್ತೀಯೇನೋ ಅಂತ ಪ್ರಾಣ ಹೋಗ್ತಿತ್ತು ನನಗೆ."

ಅಲ್ಲಿಗೆ ನನ್ನ ಮನೆಯ ಪ್ರವೇಶ ಶುದ್ಧ ಮುಹೂರ್ತದಲ್ಲೇ ಆದದ್ದು. ಬೇಸ್‌ಮೆಂಟಿನ ನೀರಿಗೆ ರಾಹು ಕಾರಣನಲ್ಲ, ಡ್ರೈನ್ ಪೈಪೋ ಇನ್ನೇನೋ ಕಾರಣ. ಒಬ್ಬ ಧಾರಾಳ ಮನಸ್ಸಿನ ಹೆಂಗಸನ್ನು ಹನ್ನೊಂದು ವರ್ಷ ಬಾಯಿಗೆ ಬಂದಂತೆ ಬೈದದ್ದು ನನ್ನ ಲೆಕ್ಕಕ್ಕೆ ಉಳಿಯಿತು. ನನಗೆ ಅಳು ಬಂತು, ಖಾರ ಎಂದು ನೀರು ಕೇಳಿದೆ.

"ಸರಿ ಮಾಡಪ್ಪ ನಿಜಗುಣ" ಎಂದರು ಆಂಟಿ. "ಶರ್ವಾಣಿಯಂಥ ಹುಡುಗೀರು ಹಸ್ಕೊಂಡು ನಿಂತಿರ್ತಾರೆ, ಅವರಿಗೆಲ್ಲ ನಾನೆಲ್ಲಿ ಹೋಗಿ ಲೇಟ್ ಮಾಡ್ಲಿ? ಆದ್ರೆ ಅವರು ತಪ್ಪು ಮಾಡಿದ್ರು ಅಂತ ಜನ ಆಡ್ಕೋಬಾರದು."

"ತಪ್ಪು ಅಂತ ಯಾರು ಹೇಳಿದ್ದು ಆಂಟಿ? ಇಪ್ಪತ್ತು ವರ್ಷ ಇಷ್ಟು ಜನ ಅದನ್ನೇ ಇಟ್ಕೊಂಡಿದ್ರು ಅಂದ್ರೆ ಅದೇ ಅವಾಗಿನ ಟೈಮ್. ಈ ಯುಗಾದಿಯಿಂದ ಬದಲಾಯ್ತು, ಅಷ್ಟೇ. ನಮ್ಮಲ್ಲಿ ದಿನಾ ಬದಲಾಗತ್ತೆ." ಅವನು ಇದನ್ನು ಸಮಾಧಾನಕ್ಕೆ ಹೇಳಲಿಲ್ಲ. ಸಮಾಧಾನ ಹೇಳಲು ಅವನಿಗೆ ಬರುವುದೂ ಇಲ್ಲ. ಆಫೀಸಿನಲ್ಲಿ ಹೇಳುವುದನ್ನೇ ಹೇಳಿದ. ಆಂಟಿಗೆ ಮಾತ್ರ ಅದು ಎಲ್ಲಿ ತಾಕಬೇಕೋ ಅಲ್ಲಿ ತಾಕಿತು. ಎದ್ದು ಒಳಗೆ ಹೋಗಿ ಸ್ವಲ್ಪ ಹೊತ್ತು ಬರಲಿಲ್ಲ.

ಕ್ಯಾಲೆಂಡರು ಹೊತ್ತಿಗೆ ಅಚ್ಚಾಗಿ ಬಂತು. ಕೊನೆಯ ಹಾಳೆಯಲ್ಲಿ ಎಂದಿನಂತೆ "ಗಣಿತ: ಸತ್ಯಪ್ರಕಾಶ್". ಅದರ ಕೆಳಗೆ "ಹೊಂದಾಣಿಕೆ: ನಿಜಗುಣ". ಅದಕ್ಕೂ ಕೆಳಗೆ ಎರಡು ಸಾಲು: "ಕಳೆದ ಸಂವತ್ಸರದವರೆಗೆ ಈ ಕ್ಯಾಲೆಂಡರು ಸತ್ಯಪ್ರಕಾಶರ ಸಮಯದಲ್ಲಿತ್ತು. ಈ ಯುಗಾದಿಯಿಂದ ಟೊರೊಂಟೊ ಗಡಿಯಾರದ ಸಮಯಕ್ಕೆ ಬದಲಾಗಿದೆ." ಯುಗಾದಿಯ ಸಭೆಗೆ ಆಂಟಿ ಎಷ್ಟು ಸರಿಯಾಗಿ ಬಂದರೆಂದರೆ ಶ್ರೀಕಾಂತ್ ಇನ್ನೂ ಸಭಾಂಗಣದ ಬೀಗ ತೆಗೆದಿರಲಿಲ್ಲ. ಒಬ್ಬರೇ ಬಾಗಿಲಲ್ಲಿ ನಿಂತಿದ್ದರು. ಊಟದ ಸಾಲಿನಲ್ಲಿ ಯಾರೋ, ಟೈಮೆಲ್ಲ ಒಂದು ಗಂಟೆ ಯಾಕೆ ಬದಲಾಯ್ತು ಎಂದು ನನ್ನನ್ನು ಕೇಳಿದರು.

"ಬದಲಾಯ್ಸಿದ್ದಾರೆ," ಎಂದೆ. "ದೇಶದೇಶದವರು ಬದಲಾಯ್ಸಲ್ವಾ, ಹಾಗೆ."

ಅವರು ತಲೆಯಾಡಿಸಿ ಒಬ್ಬಟ್ಟಿಗೆ ಕೈ ಹಾಕಿದರು. ಮಾನ್ಯಾಗೆ ಆಮೇಲೆ ಸೀಟೂ ಸಿಕ್ಕಿತು. ಅದು ಯಾವ ಚಂದ್ರನ ಪುಣ್ಯ ಎಂದು ಶರ್ವಾಣಿ ಇನ್ನೂ ತೀರ್ಮಾನಿಸಿಲ್ಲ.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಸೆಪ್ಟೆಂಬರಿನಲ್ಲಿ ನಮ್ಮ ಹಿತ್ತಲಲ್ಲಿ ಹೀರೇಕಾಯಿ ಸುರಿದು ಬಿದ್ದಿತ್ತು. ಒಂದು ಚೀಲ ತುಂಬಿಕೊಂಡು ಒಂದು ಸಂಜೆ ಆಂಟಿಯ ಮನೆಗೆ ಹೋದೆ. ಅವತ್ತು ಸಂಕಷ್ಟಿ ಎಂದು ನನಗೆ ನೆನಪಿರಲಿಲ್ಲ. ಆಕೆ ಅಡುಗೆಮನೆಯಲ್ಲಿದ್ದರು. ಮೇಜಿನ ಮೇಲೆ ಅಂಕಲ್ಲಿನ ಫೋಟೋದ ಮುಂದೆ ಒಂದು ಬಾಳೆಲೆಯಲ್ಲಿ ಬಡಿಸಿತ್ತು. ನಾನು ಸುಮ್ಮನೆ ಗೋಡೆಯ ಕ್ಯಾಲೆಂಡರು ನೋಡಿದೆ. ಚಂದ್ರೋದಯ ಎಂಟು ಗಂಟೆ ಎಂದಿತ್ತು. ನಮ್ಮ ಫ್ರಿಜ್ಜಿನ ಮೇಲಿರುವುದರಲ್ಲಿ ಒಂಬತ್ತು ಎಂದು ಹೆಂಡತಿ ಬೆಳಿಗ್ಗೆಯೇ ಓದಿದ್ದಳು. ಇಷ್ಟೆಲ್ಲ ರಾಮಾಯಣ ಆದಮೇಲೂ ಪ್ರೆಸ್ಸಿನವನು ಎಡವಟ್ಟು ಮಾಡಿದನಲ್ಲ ಎಂದು ನೆತ್ತಿಗೇರಿತು. ಬಾಲ್ಕನಿಗೆ ಹೋಗಿ ನಿಜಗುಣನಿಗೆ ಫೋನ್ ಮಾಡಿದೆ.

"ಆಂಟಿ ಮನೆ ಕ್ಯಾಲೆಂಡರಲ್ಲಿ ಒಂದು ಗಂಟೆ ಕಮ್ಮಿ ಇದೆಯಲ್ಲೋ."

"ಗೊತ್ತು ಭಾವ. ಅವರದೊಂದು ಕಾಪಿ ಬೇರೆ ಮಾಡಿದ್ದೀನಿ."

"ತಪ್ಪು ಟೈಮ್ ಅಚ್ಚು ಹಾಕ್ಸಿದ್ಯಾ? ನೀನು?"

"ತಪ್ಪಲ್ಲ, ಹಳೇದು. ಕೇಳೋರು ಒಬ್ಬರಿದ್ದಾರೆ," ಎಂದು ಅವನು ಫೋನ್ ಇಟ್ಟ.

ಒಳಗೆ ಬಂದೆ. ಆಂಟಿ ನಲ್ಲಿ ಬಿಟ್ಟುಕೊಂಡು, ಆಗಲೇ ತೊಳೆದಿದ್ದ ಒಂದು ಲೋಟವನ್ನು ಮತ್ತೆ ತೊಳೆಯುತ್ತಿದ್ದರು. ತುಟಿ ಮೆಲ್ಲಗೆ ಅಲ್ಲಾಡುತ್ತಿತ್ತು. ಫೋಟೋದ ಕಡೆಗೆ ಏನೋ ಹೇಳುತ್ತಿದ್ದರು, ನನ್ನನ್ನು ನೋಡಿ ನಿಲ್ಲಿಸಿದರು.

"ಕೂತ್ಕೋ ಸುರೇಶ," ಎಂದರು. "ಚಂದ್ರ ಬರಕ್ಕೆ ಇನ್ನೂ ಒಂದು ಗಂಟೆ ಇದೆ."

ನಾನು ಕೂರಲಿಲ್ಲ. ಒರೆಸುವ ಬಟ್ಟೆ ತೆಗೆದುಕೊಂಡು ಆಕೆಯ ಪಕ್ಕ ನಿಂತೆ. ಆಕೆ ಆ ಲೋಟವನ್ನು ನನ್ನ ಕೈಗೆ ಕೊಟ್ಟರು.